ರಾಷ್ಟ್ರಋಣದ ತೀರುವಳಿ: ತೆತ್ತವರಾರು?

ಸರಕಾರಗಳು ತಮ್ಮ ಸಾಲವನ್ನು ಇಳಿಸಲು ಹೊರಟಾಗಲೆಲ್ಲ ಮಿತವ್ಯಯದ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಸಾಲವಿಲ್ಲದ ಗೃಹಸ್ಥನಂತೆ ಸಾಲವಿಲ್ಲದ ರಾಜ್ಯವೂ ಸುಖಿ ಎಂಬ ವಾದವು ಕೇಳಲು ಇಂಪಾಗಿದೆ. ಆದರೆ ಗೃಹಸ್ಥನು ತನ್ನ ಸಾಲವನ್ನು ತಾನೇ ತೀರಿಸುತ್ತಾನೆ. ರಾಜ್ಯದಲ್ಲಿ ತೆರುವವರು ಒಬ್ಬರು, ತೀರಿಸಿದ ಕೀರ್ತಿಯನ್ನು ಹೊರುವವರು ಮತ್ತೊಬ್ಬರು. ಋಣವು ಎಷ್ಟು ಇಳಿಯಿತೆಂಬುದರೊಡನೆ ಅದನ್ನು ಯಾರು ತೆತ್ತರೆಂಬುದನ್ನೂ ಕೇಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ನೆಪೋಲಿಯನ್ನನ ಯುದ್ಧಗಳು 1815ರಲ್ಲಿ ಮುಗಿದಾಗ ಬ್ರಿಟನ್ನಿನ ಋಣವು ಅಲ್ಲಿಯ ಜನರ ವಾರ್ಷಿಕ ವರಮಾನದ ಸುಮಾರು ಎರಡರಷ್ಟಿತ್ತು. ಮುಂದೆ ಯುದ್ಧ ಬಂದರೆ ಕಡಮೆ ಬಡ್ಡಿಗೆ ಹಣ ಹುಟ್ಟಬೇಕು, ಅದಕ್ಕಾಗಿ ಋಣದಾತರ ವಿಶ್ವಾಸವನ್ನು ಉಳಿಸಿಕೊಳ್ಳಬೇಕೆಂಬುದು ಅಲ್ಲಿಯ ಮುತ್ಸದ್ದಿಗಳ ಲೆಕ್ಕವಾಗಿತ್ತು. ಲೆಕ್ಕವೇನೋ ಸರಿ. ಆದರೆ 1816ರಲ್ಲಿ ಅನುಕೂಲಸ್ಥರ ಮೇಲಿನ ವರಮಾನ ತೆರಿಗೆಯನ್ನು ರದ್ದುಪಡಿಸಿ, 1842ರವರೆಗೂ ಚಹಾ, ಸಕ್ಕರೆ ಮೊದಲಾದ ನಿತ್ಯೋಪಯೋಗಿ ಪದಾರ್ಥಗಳ ಸುಂಕವನ್ನೇ ಬಹುವಾಗಿ ನೆಚ್ಚಿಕೊಂಡರು. ಸಾಲಪತ್ರದ ಒಡೆಯನಿಗೆ ಸಲ್ಲುವ ಬಡ್ಡಿಯಲ್ಲಿ ಕೂಲಿಕಾರನ ಪಾಲು ಬೆರೆತದ್ದು ಹೀಗೆ.

ನಮ್ಮ ದೇಶದ ಕಥೆ ಇನ್ನೂ ಕಹಿಯಾದುದು. ಈಸ್ಟ್ ಇಂಡಿಯಾ ಕಂಪೆನಿಯ ಸಾಲವನ್ನೂ, 1857ರ ಸಂಗ್ರಾಮವನ್ನು ಅಡಗಿಸಿದ ವೆಚ್ಚವನ್ನೂ ಭಾರತದ ಲೆಕ್ಕಕ್ಕೇ ಬರೆದರು. ಬಡ್ಡಿಯನ್ನು ಲಂಡನ್ನಿನಲ್ಲಿ ಪೌಂಡುಗಳಲ್ಲಿ ತೆರಬೇಕು. ಬೆಳ್ಳಿಯ ಬೆಲೆ ಕುಸಿದು, ಎರಡು ಷಿಲಿಂಗಿನ ಸಮೀಪದಲ್ಲಿದ್ದ ರೂಪಾಯಿ 1893ರ ಹೊತ್ತಿಗೆ ಸುಮಾರು 15 ಪೆನ್ಸಿಗೆ ಇಳಿಯಿತು. ಹೊಸ ಸಾಲ ಮಾಡದೆಯೇ ರೈತನ ಹೊರೆ ಹೆಚ್ಚಿತು. ಈ ಋಣಗಳಲ್ಲಿ ನ್ಯಾಯವಾದವು ಯಾವುವೆಂದು ಪರಿಶೀಲಿಸಲು 1931ರಲ್ಲಿ ಕಾಂಗ್ರೆಸ್ಸು ಒಂದು ಸಮಿತಿಯನ್ನೇ ನೇಮಿಸಬೇಕಾಯಿತು. ಆದರೂ 1935ರ ಶಾಸನವು ದೇಶದ ಆರ್ಥಿಕ ಭದ್ರತೆಯನ್ನೂ ಸಾಲದ ಮರ್ಯಾದೆಯನ್ನೂ ಗವರ್ನರ್ ಜನರಲ್‌ರ ವಿಶೇಷ ಹೊಣೆಯಾಗಿ ಮಾಡಿತು. ಲಂಡನ್ನಿನ ಸಾಲವು ನಮ್ಮ ಬೊಕ್ಕಸದ ಬೀಗದ ಕೈಯನ್ನು ಪರರಲ್ಲಿ ಇಟ್ಟುಕೊಳ್ಳಲು ನೆಪವಾಗಿತ್ತು.

ಆ ಸಾಲ ತೀರಿದ್ದು ಎರಡನೆಯ ಮಹಾಯುದ್ಧದಲ್ಲಿ. 1939ರ ಒಪ್ಪಂದದಂತೆ, ಬ್ರಿಟನ್ನಿನ ಪಾಲಿನ ಯುದ್ಧವೆಚ್ಚಕ್ಕಾಗಿ ಇಲ್ಲಿ ಧಾನ್ಯ, ಬಟ್ಟೆ, ಉಕ್ಕುಗಳನ್ನು ಕೊಂಡು, ಪ್ರತಿಯಾಗಿ ಲಂಡನ್ನಿನಲ್ಲಿ ಪೌಂಡುಗಳನ್ನು ಜಮೆ ಮಾಡುತ್ತಿದ್ದರು. ಆ ಪೌಂಡುಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕು ನೋಟುಗಳನ್ನು ಹೊರಡಿಸಿತು. ಚಲಾವಣೆಯ ನೋಟು ಯುದ್ಧಾಂತ್ಯಕ್ಕೆ ಸುಮಾರು ಆರು ಪಟ್ಟಾಯಿತು. ಜಮೆಯಾದ ಪೌಂಡುಗಳಿಂದ 30 ಕೋಟಿ ಪೌಂಡಿಗೂ ಮಿಕ್ಕಿದ ಹಳೆಯ ಸಾಲಪತ್ರಗಳನ್ನು ಕೊಂಡು ತೀರಿಸಲಾಯಿತು. ಅಧಿಕಾರಿಗಳು ಹೆಮ್ಮೆಪಟ್ಟರೆ ಆಶ್ಚರ್ಯವೇನೂ ಇಲ್ಲ. ಅದೇ ಕಾಲದಲ್ಲಿ ಬೆಲೆಗಳು ಏರಿ ಏರಿ, 1943ರಲ್ಲಿ ಬಂಗಾಳದ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. ಸಾಲಮುಕ್ತಿಯ ವರದಿಯನ್ನು ಆ ಕ್ಷಾಮದ ವರದಿಯೊಡನೆ ಕೂಡಿಸಿ ಓದಬೇಕೆಂಬುದೇ ನಮ್ಮ ಆಗ್ರಹ.

ಸಾಲ ತೀರಿ ಉಳಿದ ನಮ್ಮ ಹಣ 1946ರ ಹೊತ್ತಿಗೆ ಲಂಡನ್ನಿನಲ್ಲಿ ಸುಮಾರು 130 ಕೋಟಿ ಪೌಂಡುಗಳಷ್ಟಿತ್ತು. ಅದೂ ಒಮ್ಮೆಗೆ ಕೈಸೇರಲಿಲ್ಲ. ಕಂತುಗಳಲ್ಲಿ ಬಿಡುಗಡೆಯಾಗುತ್ತಿದ್ದಾಗಲೇ, 1949ರ ಸೆಪ್ಟೆಂಬರಿನಲ್ಲಿ ಪೌಂಡಿನ ಬೆಲೆ 4.03 ಡಾಲರಿನಿಂದ 2.80 ಡಾಲರಿಗೆ ಇಳಿಯಿತು.