ಕ್ವಾರ್ಟರ್ ಏರಿತು, ಕಿರಾಣಿ ಉದ್ರಿ ಬೆಳೆಯಿತು!

ನೌಬಾದ: ಬೀದರ ನಗರದ ಈ ತುದಿಯಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ ನೆಲದಡಿ ಸುರಂಗ ಕೊರೆದು ನೀರು ಹರಿಸಿದರು. ಆ ಕರೇಜಿನಿಂದಲೇ ನೌಬಾದ ಹೆಸರುವಾಸಿ. ಆದರೆ ಸಂಜೆ ದೀಪ ಹತ್ತಿತೆಂದರೆ ಇಲ್ಲಿಯ ಮಾತು ಬೇರೆ ನೀರಿನದು. ಭಾಲ್ಕಿ ಬಸ್ಸಿಗೆ ಕಾದು ನಿಂತವರಲ್ಲೂ ಅದೇ, ಪಾನ್ ಡಬ್ಬಿ ಮುಂದೆಯೂ ಅದೇ: "ರೇಟ್ ಮತ್ತ ಏರ್ಸ್ಯಾರಂತ, ಖರೇ ಏನ್ರಿ?"

ಖರೇ ಸ್ವಾಮಿ. ಏರಿದ್ದು ಒಂದು ಸಲವಲ್ಲ. 2023ರ ಜುಲೈ ಬಜೆಟ್ಟಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ದೇಶಿ ಮದ್ಯದ 18 ದರ ಪಟ್ಟಿಗಳಿಗೂ ಹೆಚ್ಚುವರಿ ಅಬಕಾರಿ ಸುಂಕವನ್ನು ಶೇ. 20 ಏರಿಸಿದರು. ಬಿಯರಿನ ಸುಂಕ ಶೇ. 175ರಿಂದ 185ಕ್ಕೆ ಹೋಯಿತು. ಅಂದರೆ ಬೆಲೆಗಿಂತ ಸುಂಕವೇ ದೊಡ್ಡದು. 2025ರ ಜನವರಿಯಲ್ಲಿ ಬಿಯರು ಮತ್ತೆ ತುಟ್ಟಿಯಾಯಿತು.

ಇನ್ನೊಂದು ಚಮತ್ಕಾರ ಕೇಳಿ. 2024ರ ಆಗಸ್ಟಿನಲ್ಲಿ ದರಗಳನ್ನು ನೆರೆ ರಾಜ್ಯಗಳಿಗೆ ಸರಿದೂಗಿಸುವ ಹೆಸರಿನಲ್ಲಿ ದುಬಾರಿ ಬ್ರಾಂಡುಗಳ ಬೆಲೆ ಇಳಿಯಿತು. ಕಾರಿನಲ್ಲಿ ಬಂದು ಫುಲ್ ಬಾಟಲಿ ಒಯ್ಯುವವನಿಗೆ ರಿಯಾಯಿತಿ, ಹಮಾಲಿ ಮಾಡಿ ಕ್ವಾರ್ಟರ್ ಹಾಕುವವನಿಗೆ ಬರೆ!

ಸೇಂದಿಯಿಂದ ಪಾಕೀಟಿಗೆ

ಈ ಸೀಮೆಯ ಹಳೆಯ ಪಾನ ಸೇಂದಿ. 1956ರವರೆಗೆ ಬೀದರ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ, ಆಮೇಲೆ ಅದೇ ಹೆಸರಿನ ರಾಜ್ಯಕ್ಕೆ ಸೇರಿತ್ತು. ಫಸಲಿ 1316ರ ಹೈದರಾಬಾದ್ ಅಬಕಾರಿ ಕಾಯಿದೆ ಇಲ್ಲಿ ಜಾರಿಯಲ್ಲಿತ್ತು. ಈಚಲು ಮರದಿಂದ ಇಳಿದದ್ದಕ್ಕೂ, ಭಟ್ಟಿಯಿಂದ ಇಳಿದದ್ದಕ್ಕೂ ಸರಕಾರದ ಪಾಲು ಕಟ್ಟಬೇಕಿತ್ತು. ರಾಜ್ಯ ಬದಲಾಯಿತು, ರಾಜರು ಹೋದರು, ಪಾಲು ಮಾತ್ರ ಹೋಗಲಿಲ್ಲ.

ಆಮೇಲೆ ಬಂತು ಪಾಕೀಟು ಸಾರಾಯಿ. ಹಲ್ಲಿನಿಂದ ಮೂಲೆ ಕಚ್ಚಿ ಹರಿದು ನಿಂತಲ್ಲೇ ಮುಗಿಸುವ ಸರಕು. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಹೆಂಗಸರು ನಿಟ್ಟುಸಿರು ಬಿಟ್ಟರು. ಆದರೆ ಕುಡಿಯುವವ ಬಂದ್ ಆಗಲಿಲ್ಲ. ಅದೇ ಜಾಗಕ್ಕೆ ಅಗ್ಗದ ವಿಸ್ಕಿಯ 90 ಮಿಲಿ, 180 ಮಿಲಿ ಪ್ಯಾಕುಗಳು ಬಂದು ಕೂತವು. ಒರಿಜಿನಲ್ ಚಾಯ್ಸ್, ಹೇವರ್ಡ್ಸ್, ರಾಜಾ, ಓಲ್ಡ್ ಟಾವರ್ನ್ ಎಂಬ ಹೆಸರುಗಳು ಹಳ್ಳಿಯ ಬಾಯಲ್ಲೂ ಸಲೀಸು. 'ನೈಂಟಿ' ಎಂದರೆ ತೊಂಬತ್ತೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಹೆಸರು ವಿಸ್ಕಿಯಾದರೂ ಅಗ್ಗದ ಬಾಟಲಿಯ ಮೂಲ ಬಹುಪಾಲು ಕಬ್ಬಿನ ಕಾಕಂಬಿ. ಅದರಿಂದ ತೆಗೆದ ಸ್ಪಿರಿಟ್ಟಿಗೆ ನೀರು, ಬಣ್ಣ, ವಾಸನೆ ಸೇರಿ ಶೇ. 42.8 ಆಲ್ಕೋಹಾಲಿನ ಸರಕು ಆಗುತ್ತದೆ. ಕಬ್ಬು ಬೆಳೆಯುವ ಈ ಜಿಲ್ಲೆಗೆ ಕಾಕಂಬಿಯ ವಾಸನೆ ಹೊಸದೇನಲ್ಲ. ಕಾಕಂಬಿ ಅಗ್ಗ, ಬಾಟಲಿ ದುಬಾರಿ. ನಡುವಿನ ದೊಡ್ಡ ಪಾಲು ಸುಂಕ.

ಲೆಕ್ಕ ಹಾಕಿ ನೋಡಿ

ದಿನಕ್ಕೊಂದು ಕ್ವಾರ್ಟರ್ ಹಾಕುವ ಒಬ್ಬ ಗೌಂಡಿಯನ್ನೇ ತಗೊಳ್ಳಿ. ಕ್ವಾರ್ಟರಿಗೆ 10 ರೂಪಾಯಿ ಏರಿದರೆ ತಿಂಗಳಿಗೆ 300, ವರ್ಷಕ್ಕೆ 3,650 ರೂಪಾಯಿ. ಅವನು ಕುಡಿತ ಕಡಿಮೆ ಮಾಡಿದರೆ ಒಳ್ಳೆಯದೇ. ಬೆಲೆ ಏರಿದರೆ ಕೆಲವರು ಕಡಿಮೆ ಮಾಡುವುದೂ ನಿಜ. ಆದರೆ ಚಟಕ್ಕೆ ಬಿದ್ದವನು ಕ್ವಾರ್ಟರ್ ಬಿಡುವುದಿಲ್ಲ, ತೊಗರಿಬ್ಯಾಳಿ ಬಿಡುತ್ತಾನೆ. "ಸಾವಕಾರ್, ಈ ವಾರ ಬರ್ಕೊಳ್ರಿ, ಮುಂದಿನ ವಾರ ಕೊಡ್ತೀನಿ" ಎಂಬ ಮಾತು ಕಿರಾಣಿ ಅಂಗಡಿಗೆ ಬರುತ್ತದೆ. ವೈನ್ ಶಾಪಿನಲ್ಲಿ ರೊಕ್ಕ ನಗದು, ಕಿರಾಣಿಯಲ್ಲಿ ಉದ್ರಿ! ಎತ್ತಿಗೆ ಜ್ವರ, ಎಮ್ಮೆಗೆ ಬರೆ ಎಂದರೆ ಇದೇ.

ಮನೆಯ ಲೆಕ್ಕವೂ ಹಾಗೇ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ ಎಂದಾಯಿತು. ಕ್ವಾರ್ಟರಿಗೆ ನೂರು ಎಂದು ಹಿಡಿದರೂ ಗಂಡನ ತಿಂಗಳ ಖರ್ಚು 3,000. ಹೆಂಡತಿಯ ಖಾತೆಗೆ ಬಂದದ್ದಕ್ಕಿಂತ ಗಂಡನ ಗಂಟಲಿಗೆ ಇಳಿದದ್ದೇ ಹೆಚ್ಚು.

ಅಬಕಾರಿಯಿಂದ ಸರಕಾರ 2023-24ಕ್ಕೆ ಇಟ್ಟುಕೊಂಡ ಗುರಿ 36,000 ಕೋಟಿ, 2025-26ಕ್ಕೆ 40,000 ಕೋಟಿ ರೂಪಾಯಿ. ಮದ್ಯ ಜಿಎಸ್‌ಟಿಯ ಹೊರಗಿದೆ. ಸುಂಕ ಏರಿಸಲು ದಿಲ್ಲಿಯನ್ನು ಕೇಳಬೇಕಿಲ್ಲ.

2025ರ ಮಾರ್ಚಿನಲ್ಲಿ ವಿಧಾನಸಭೆಯಲ್ಲಿ ತುರುವೇಕೆರೆಯ ಶಾಸಕ ಎಂ.ಟಿ. ಕೃಷ್ಣಪ್ಪನವರು ಕುಡಿಯುವ ಗಂಡಸರಿಗೆ ವಾರಕ್ಕೆರಡು ಬಾಟಲಿ ಪುಕ್ಕಟೆ ಕೊಡಿ ಎಂದರು. ಸಭೆ ನಕ್ಕಿತು. ಅದೇ ಚರ್ಚೆಯಲ್ಲಿ ನೆರೆಯ ಆಳಂದದ ಶಾಸಕ ಬಿ.ಆರ್. ಪಾಟೀಲರು ಪಾನನಿಷೇಧವೇ ಬೇಕೆಂದರು. ಆಗ ನಗು ಬರಲಿಲ್ಲ. ಅದಕ್ಕೂ ಮೊದಲು, 2019ರ ಜನವರಿಯಲ್ಲಿ, ಇದೇ ಬೇಡಿಕೆ ಹೊತ್ತು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋಗಿದ್ದರು.

ಗಡಿಯಾಚೆ ಏನು?

"ಆಕಡಿ ಸಸ್ತಾ ಸಿಗ್ತದ" ಎಂಬುದು ಗಡಿ ಊರಿನ ಹಳೆಯ ಮಾತು. ಮಹಾರಾಷ್ಟ್ರವೂ 2025ರ ಜೂನಿನಲ್ಲಿ ಸುಂಕ ಏರಿಸಿತು. ಅಲ್ಲಿಯ ದೇಶಿ ದಾರೂ 180 ಮಿಲಿಗೆ ಕನಿಷ್ಠ 80 ರೂಪಾಯಿ, ವಿಸ್ಕಿ-ಬ್ರಾಂದಿ ವರ್ಗಕ್ಕೆ 205 ರೂಪಾಯಿ ಎಂದು ನಿಗದಿಯಾಯಿತು. ದೇಶಿ ಸಸ್ತಾ ಎಂದು ಪರವಾನಗಿ ಇಲ್ಲದೆ ಹೊತ್ತು ತಂದರೆ ಅಬಕಾರಿ ಕೇಸು. ಬಸ್ಸಿನ ಸೀಟಿನಡಿ ಇಟ್ಟರೂ ಕೇಸು ಕೇಸೇ.

ಅದಕ್ಕಿಂತ ದೊಡ್ಡ ಭಯ ಕಳ್ಳಭಟ್ಟಿಯದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷ ಮದ್ಯಕ್ಕೆ 300ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ಬಂದ್ ಆದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು-ಕೋಲಾರ-ಹೊಸೂರು ಸೀಮೆಯಲ್ಲಿ ಮತ್ತೆ ನೂರೈವತ್ತಕ್ಕೂ ಹೆಚ್ಚು ಹೆಣ ಬಿದ್ದವು. ಎರಡರಲ್ಲೂ ಸತ್ತವರು ಬಡವರು. ಅಂಗಡಿಯ ದರ ಕೈಗೆಟುಕದಾದಾಗ ಕೈ ಎತ್ತ ಹೋಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸುಂಕ ಏರಿಸುವುದೇ ತಪ್ಪೆಂದು ಯಾರೂ ಅನ್ನುವುದಿಲ್ಲ. ಆದರೆ ಏರಿಸಿದ ಕೈ ಇನ್ನೆರಡು ಕೆಲಸವನ್ನೂ ಮಾಡಲಿ. ಬಾಟಲಿಯ ಮೇಲಿನ ಎಂಆರ್‌ಪಿಗಿಂತ ಹೆಚ್ಚು ವಸೂಲಿ, ಹಳ್ಳಿಯ ಚಹಾದಂಗಡಿಗಳಲ್ಲಿ ಕದ್ದು ಮಾರಾಟ ನಿಲ್ಲಿಸಲಿ. ಕುಡಿತ ಬಿಡಬೇಕೆನ್ನುವವನಿಗೆ ದಾರಿ ತೋರಿಸಲಿ. ಬೀದರದ ಬ್ರಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. 14416ಕ್ಕೆ ಫೋನು ಮಾಡಿದರೆ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಪುಕ್ಕಟೆ ಸಲಹೆ ಸಿಗುತ್ತದೆ. ಆ ನಂಬರು ವೈನ್ ಶಾಪಿನ ದರಪಟ್ಟಿಯ ಪಕ್ಕದಲ್ಲೇ ದೊಡ್ಡಕ್ಷರದಲ್ಲಿ ಕಾಣಲಿ.

ಅಲ್ಲಿಯವರೆಗೆ ಕಿರಾಣಿ ಸಾವಕಾರರೇ, ಉದ್ರಿ ವಹಿಗೆ ಇನ್ನಷ್ಟು ಹಾಳೆ ಹೊಲಿಸಿಟ್ಟುಕೊಳ್ಳಿ!