ಪುಟ್ಟಣ್ಣನಿಗೆ ಇನ್ನೂ ಬಹಳ ವರ್ಷ ಬಾಕಿ ಇದೆ

ಬಿಜೈಯಲ್ಲಿರುವ ನಮ್ಮ ದೊಡ್ಡಪ್ಪನ ಮನೆಗೆ ಬಂದವರೆಲ್ಲ ಮೊದಲು ಕೇಳುವುದು, "ಇದು ಮಾತಾಡ್ತದಾ?" ಆಮೇಲೆ, "ಎಷ್ಟು ಕೊಟ್ರಿ?" ಬೂದು ಮೈ, ಕೆಂಪು ಬಾಲ, ಹಳದಿ ಕಣ್ಣಿನ ಆ ಹಕ್ಕಿ ತಲೆ ಓರೆ ಮಾಡಿ ಅವರನ್ನೇ ನೋಡುತ್ತದೆ, ತುಟಿಪಿಟಕ್ ಅನ್ನುವುದಿಲ್ಲ. ಬಂದವರು ಕಾಫಿ ಕುಡಿದು, ಚಪ್ಪಲಿ ಹಾಕಿಕೊಂಡು ಗೇಟಿನ ತನಕ ಹೋಗಬೇಕು, ಆಗ ಹಿಂದಿನಿಂದ ಸಾಕ್ಷಾತ್ ದೊಡ್ಡಪ್ಪನ ಸ್ವರದಲ್ಲಿ "ಒಣಸ್ ಆಂಡಾ?" ಎಂದು ಕೇಳುತ್ತದೆ. ಊಟ ಆಯಿತಾ ಅಂತ. ಒಬ್ಬರು ತಿರುಗಿಯೂ ನೋಡದೆ "ಆಂಡ್ ಆಂಡ್" ಎಂದು ಉತ್ತರ ಕೊಟ್ಟೇ ಹೋಗಿದ್ದಾರೆ.

ಹೆಸರು ಪುಟ್ಟಣ್ಣ, ಜಾತಿ ಆಫ್ರಿಕನ್ ಗ್ರೇ. ದೊಡ್ಡಪ್ಪ ಬ್ಯಾಂಕಿನಿಂದ ನಿವೃತ್ತರಾದ 2013ರಲ್ಲಿ, ಕೇರಳದಲ್ಲಿ ಗಿಳಿಗಳ ಮರಿ ಮಾಡಿಸುವವರೊಬ್ಬರಿಂದ ತಂದದ್ದು. ಕಾಲಿನಲ್ಲಿ ಅಲ್ಯುಮಿನಿಯಂ ಉಂಗುರ ಇದೆ. ಮರಿ ಚಿಕ್ಕದಿರುವಾಗಲೇ ತೊಡಿಸುವ ಈ ಉಂಗುರಕ್ಕೆ ಜೋಡಣೆ ಇರುವುದಿಲ್ಲ, ದೊಡ್ಡ ಹಕ್ಕಿಯ ಕಾಲಿಗೆ ಅದನ್ನು ಹಾಕಲು ಸಾಧ್ಯವೇ ಇಲ್ಲ. ಹಕ್ಕಿ ಗೂಡಿನಲ್ಲೇ ಹುಟ್ಟಿದ್ದು, ಕಾಡಿನಿಂದ ಹಿಡಿದದ್ದಲ್ಲ ಎನ್ನುವುದಕ್ಕೆ ಅದೊಂದು ಗುರುತು. ಈ ಜಾತಿಯಲ್ಲಿ ಗಂಡು ಹೆಣ್ಣು ನೋಡಿದರೆ ಗೊತ್ತಾಗುವುದಿಲ್ಲ. ಎರಡು ವರ್ಷದ ಹಿಂದೆ ಒಂದು ಗರಿ ಕಳಿಸಿ ಡಿಎನ್‌ಎ ಪರೀಕ್ಷೆ ಮಾಡಿಸಿದಾಗ ಪುಟ್ಟಣ್ಣ ಹೆಣ್ಣು ಎಂದು ರಿಪೋರ್ಟ್ ಬಂತು. ದೊಡ್ಡಪ್ಪ ಎರಡು ಸಲ ಓದಿ, "ಇಷ್ಟು ವರ್ಷ ಕರೆದಾಗಿದೆ, ಇನ್ನು ಹೆಸರು ಬದಲಿಸಿದ್ರೆ ಅವಳಿಗೆ ಗಲಿಬಿಲಿ ಆಗ್ತದೆ" ಎಂದರು. ಹಾಗಾಗಿ ಅವಳು ಪುಟ್ಟಣ್ಣನೇ.

ಅವಳಿಗೆ ದೊಡ್ಡಪ್ಪನಿಂದ ತುಳು ಬಂದಿದೆ, ಟಿವಿಯಿಂದ ಒಂದಿಷ್ಟು ಕನ್ನಡ, ಪಕ್ಕದ ಮನೆಯಿಂದ ನಾಯಿಯನ್ನು ಗದರಿಸುವಷ್ಟು ಕೊಂಕಣಿ. ಸಿಟಿ ಬಸ್ಸಿನ ಕಂಡಕ್ಟರ್ ಸೀಟಿ ಗೊತ್ತು. ಮೀನಿನವನ ಹಾರ್ನ್ ಎಷ್ಟು ಚೆನ್ನಾಗಿ ಮಾಡುತ್ತಾಳೆಂದರೆ ಬೀದಿಯ ಬೆಕ್ಕುಗಳು ಗೇಟಿಗೆ ಬಂದು ಕೂರುತ್ತವೆ. ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್ ಆ್ಯಂಡ್ ಕಮ್ಯುನಿಕೇಷನ್. ಕಳೆದ ವರ್ಷ ಸಿಗ್ನಲ್ ಪ್ರೊಸೆಸಿಂಗ್ ಲ್ಯಾಬ್ ಶುರುವಾದ ಹುಮ್ಮಸ್ಸಿನಲ್ಲಿ ಇನ್ವರ್ಟರಿನ ಬೀಪ್ ಮತ್ತು ಪುಟ್ಟಣ್ಣನ ಬೀಪ್ ಎರಡನ್ನೂ ಫೋನಿನಲ್ಲಿ ರೆಕಾರ್ಡ್ ಮಾಡಿ ಲ್ಯಾಪ್‌ಟಾಪಿನಲ್ಲಿ ಅಕ್ಕಪಕ್ಕ ಇಟ್ಟೆ. ಯಾವ ಗೆರೆ ಯಾರದ್ದು ಎಂದು ಗೆಳೆಯರಿಗೆ ಹೇಳಲಾಗಲಿಲ್ಲ. ಹಕ್ಕಿಗೆ ನಮ್ಮ ಹಾಗೆ ಗಂಟಲಲ್ಲಿ ಧ್ವನಿತಂತು ಇಲ್ಲ, ತುಟಿಯೂ ಇಲ್ಲ. ಶ್ವಾಸನಾಳ ಎರಡಾಗಿ ಒಡೆಯುವ ಜಾಗದಲ್ಲಿ ಸಿರಿಂಕ್ಸ್ ಎಂಬ ಅಂಗವಿದೆ. ಅಲ್ಲಿ ಹುಟ್ಟಿದ ಸದ್ದನ್ನು ದಪ್ಪ ನಾಲಿಗೆ ತಿದ್ದುತ್ತದೆ. ಅಷ್ಟರಲ್ಲೇ ಇನ್ವರ್ಟರೂ ಆಗುತ್ತದೆ, ದೊಡ್ಡಪ್ಪನೂ ಆಗುತ್ತದೆ.

ಆದರೆ ಯಾಕೆ ಹೀಗೆ ಅನುಕರಿಸಬೇಕು? ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಮಳೆಕಾಡುಗಳಲ್ಲಿ ಇವು ದೊಡ್ಡ ಗುಂಪಿನಲ್ಲಿ ಬದುಕುತ್ತವೆ. ದಟ್ಟ ಎಲೆಗಳ ನಡುವೆ ಒಂದಕ್ಕೊಂದು ಕಾಣುವುದಿಲ್ಲ, ಕೂಗಿ ಕೂಗಿಯೇ ಸಂಪರ್ಕ. ಮನೆಯಲ್ಲಿ ನಾವೇ ಅವುಗಳ ಗುಂಪು. ದೊಡ್ಡಪ್ಪ ಬಚ್ಚಲಿಗೆ ಹೋದರೂ, ಗೇಟಿಗೆ ಪೇಪರ್ ತರಲು ಹೋದರೂ ಪುಟ್ಟಣ್ಣ "ಒಣಸ್ ಆಂಡಾ?" ಎನ್ನುತ್ತಾಳೆ. ದೊಡ್ಡಪ್ಪ "ಆಂಡ್ ಪುಟ್ಟಣ್ಣಾ" ಎನ್ನಬೇಕು. ಅನ್ನದಿದ್ದರೆ ಸ್ವರ ಏರುತ್ತಾ ಹೋಗುತ್ತದೆ. ಅವಳು ಕೇಳುತ್ತಿರುವುದು ಊಟದ ವಿಷಯವಲ್ಲ, ಎಲ್ಲಿದ್ದೀರಿ ಎಂದು.

ಆಫ್ರಿಕನ್ ಗ್ರೇಗಳ ಬುದ್ಧಿ ಎಷ್ಟು ಎಂಬುದನ್ನು ಜಗತ್ತಿಗೆ ತೋರಿಸಿದ್ದು ಅಲೆಕ್ಸ್. ಅಮೆರಿಕದ ವಿಜ್ಞಾನಿ ಐರೀನ್ ಪೆಪ್ಪರ್‌ಬರ್ಗ್ 1977ರಲ್ಲಿ ಸಾಕುಪ್ರಾಣಿಗಳ ಅಂಗಡಿಯಿಂದ ಕೊಂಡ ಈ ಗಿಳಿ ವಸ್ತುಗಳ ಹೆಸರು, ಬಣ್ಣ, ಆಕಾರ ಹೇಳುತ್ತಿತ್ತು, ಆರರವರೆಗೆ ಎಣಿಸುತ್ತಿತ್ತು. ಕಲಿಸಿದ ರೀತಿ ನನಗೆ ಇಷ್ಟವಾಯಿತು. ಗಿಳಿಯ ಎದುರು ಇಬ್ಬರು ಕುಳಿತು, ಒಬ್ಬರು ಪ್ರಶ್ನೆ ಕೇಳಿ ಇನ್ನೊಬ್ಬರು ಉತ್ತರಿಸಿ ಬಹುಮಾನ ಪಡೆಯುತ್ತಿದ್ದರು. ಗಿಳಿ ಆ ಇನ್ನೊಬ್ಬರ ಜೊತೆ ಪೈಪೋಟಿಗಿಳಿದು ಕಲಿಯುತ್ತಿತ್ತು. (ನಮ್ಮ ಕ್ಲಾಸಿನಲ್ಲೂ ಒಮ್ಮೆ ಪ್ರಯತ್ನಿಸಬಹುದು.) ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿದರೆ ಅಲೆಕ್ಸ್‌ಗೆ ಬೇಜಾರಾಗಿ ಬೇಕೆಂದೇ ತಪ್ಪು ಹೇಳುತ್ತಿತ್ತಂತೆ. 2007ರಲ್ಲಿ ಸತ್ತಾಗ ಅದಕ್ಕೆ 31 ವರ್ಷ. ಈ ಜಾತಿಗೆ ಅದು ಅಲ್ಪಾಯುಷ್ಯ. ಚೆನ್ನಾಗಿ ನೋಡಿಕೊಂಡರೆ 40ರಿಂದ 60 ವರ್ಷ ಬದುಕುವ ಹಕ್ಕಿ ಇದು.

ಇಷ್ಟು ಬುದ್ಧಿ ಇರುವ ಜೀವಕ್ಕೆ ಬೇಜಾರೂ ಅಷ್ಟೇ ಬೇಗ ಬರುತ್ತದೆ. ದೊಡ್ಡಪ್ಪ ತೋಟದ ನೆಂಟರಿಂದ ಅಡಿಕೆ ಹಾಳೆ ತರಿಸುತ್ತಾರೆ. ಪುಟ್ಟಣ್ಣ ಅದನ್ನು ಎಳೆ ಎಳೆಯಾಗಿ ಸೀಳುತ್ತಾ ಒಂದು ಬೆಳಗು ಕಳೆಯುತ್ತಾಳೆ. ತೆಂಗಿನ ಗೆರಟೆಯೊಳಗೆ ಕಡಲೆಬೀಜ ಇಟ್ಟು ಬಾಯಿ ಕಟ್ಟಿ ಕೊಟ್ಟರೆ ಇನ್ನೊಂದು ಗಂಟೆ. ಊಟಕ್ಕೆ ಸೂರ್ಯಕಾಂತಿ ಬೀಜ ಒಂದೇ ಸಾಲದು. ಈ ಜಾತಿಗೆ ಕ್ಯಾಲ್ಸಿಯಂ ಕೊರತೆ ಬೇಗ ಬರುತ್ತದೆ. ಅದಕ್ಕೆ ನುಗ್ಗೆಸೊಪ್ಪು, ಕ್ಯಾರೆಟ್, ಸಿಹಿಕುಂಬಳ, ಮೊಳಕೆ ಬಂದ ಹೆಸರುಕಾಳು. ಗಾಂಧಾರಿ ಮೆಣಸನ್ನು ಚಕ್ಕುಲಿಯ ಹಾಗೆ ತಿನ್ನುತ್ತಾಳೆ. ಹಕ್ಕಿಗಳಿಗೆ ಮೆಣಸಿನ ಖಾರ ತಟ್ಟುವುದೇ ಇಲ್ಲ. ಮಂಗಳೂರಿನ ಮಳೆಗಾಲದಲ್ಲಿ ಬಿಸಿಲಿಗೆ ಒಡ್ಡುವುದೇ ದೊಡ್ಡ ಕೆಲಸ. ಆಟಿ ತಿಂಗಳಲ್ಲಿ ಹತ್ತು ನಿಮಿಷ ಬಿಸಿಲು ಬಂದರೆ ದೊಡ್ಡಪ್ಪ ಊಟ ಬಿಟ್ಟು ಎದ್ದು ಗೂಡನ್ನು ಅಂಗಳಕ್ಕೆ ತಳ್ಳುತ್ತಾರೆ. ನಮ್ಮೂರಿನ ಜ್ಯೂಸ್ ಅಂಗಡಿಗಳ ಪ್ರೀತಿಯ ಬಟರ್‌ಫ್ರೂಟ್ ಇವುಗಳಿಗೆ ವಿಷ, ಚಾಕೊಲೇಟ್ ಕೂಡ. ನಾನ್‌ಸ್ಟಿಕ್ ಕಾವಲಿ ಖಾಲಿ ಕಾದು ಹೊಗೆ ಬಂದರೆ ನಮಗೆ ಏನೂ ಅನಿಸದಿರಬಹುದು, ಪಕ್ಕದ ಕೋಣೆಯ ಹಕ್ಕಿ ಸತ್ತೇ ಹೋಗಬಹುದು. ಹಾಗಾಗಿ ಆ ಮನೆಯಲ್ಲಿ ನೀರುದೋಸೆ ಇವತ್ತಿಗೂ ಕಬ್ಬಿಣದ ಕಾವಲಿಯದ್ದು.

2022ರ ಜುಲೈಯಲ್ಲಿ ತುಮಕೂರಿನ ಒಂದು ಮನೆಯ ಆಫ್ರಿಕನ್ ಗ್ರೇ ಕಾಣೆಯಾದ ಸುದ್ದಿ ನಿಮಗೆ ನೆನಪಿರಬಹುದು. ರುಸ್ತುಮ ಅಂತ ಹೆಸರು. ಮನೆಯವರು ಊರೆಲ್ಲ ಪೋಸ್ಟರ್ ಅಂಟಿಸಿ 50 ಸಾವಿರ ರೂಪಾಯಿ ಬಹುಮಾನ ಘೋಷಿಸಿದರು. ಹಕ್ಕಿ ಸಿಕ್ಕಾಗ ತಂದುಕೊಟ್ಟವರಿಗೆ 85 ಸಾವಿರ ಕೊಟ್ಟರು. ನಮ್ಮ ಹಾಸ್ಟೆಲಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಈ ಹಳೇ ಸುದ್ದಿ ಮತ್ತೆ ಬಂದಾಗ "ಈ ದುಡ್ಡಿಗೆ ಸೆಕೆಂಡ್ ಹ್ಯಾಂಡ್ ಬೈಕ್ ಬರ್ತದೆ ಮಾರಾಯ" ಎಂದು ಎಲ್ಲರೂ ನಕ್ಕರು. ದೊಡ್ಡಪ್ಪ ನಗಲಿಲ್ಲ. ಮನೆಯಲ್ಲೇ ಬೆಳೆದ ಹಕ್ಕಿಗೆ ಹೊರಗೆ ಹಣ್ಣು ಹುಡುಕಿ ಗೊತ್ತಿಲ್ಲ, ಕಾಗೆ ಬಂದರೆ ತಪ್ಪಿಸಿಕೊಂಡು ಗೊತ್ತಿಲ್ಲ, ಕೂಗಿದರೆ ಉತ್ತರಿಸುವವರೂ ಇಲ್ಲ. ಅವರು ಎದ್ದು ಕಿಟಕಿಯ ಜಾಲರಿ ಸರಿ ಇದೆಯಾ ಎಂದು ಎಳೆದು ನೋಡಿದರು.

ಇನ್ನು ಕಾನೂನು. "ಗಿಳಿ ಸಾಕಿದ್ರೆ ಜೈಲು ಅಲ್ವಾ?" ಎಂದು ಕೇಳುವವರಿದ್ದಾರೆ. ನಮ್ಮ ಗದ್ದೆ ತೋಟಗಳ ಹಸಿರು ಗಿಳಿಯನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೇ. ಜ್ಯೋತಿಷ್ಯದ ಗಿಳಿಗೂ ವಿನಾಯಿತಿ ಇಲ್ಲ. ಹೊರದೇಶದ ಹಕ್ಕಿಗಳ ಲೆಕ್ಕ ಬೇರೆ. ಆ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾಗಿ, 2023ರ ಏಪ್ರಿಲ್‌ನಿಂದ ಜಾರಿಗೆ ಬಂತು. ಸೈಟ್ಸ್ ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ನೋಂದಾಯಿಸಬೇಕು. ಮರಿಯಾದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. 2024ರ ಫೆಬ್ರವರಿ ಕೊನೆಗೆ ನಿಯಮ ಬಂತು. ಇದ್ದವರಿಗೆ ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಾಯಿಸಲು ಆರು ತಿಂಗಳ ಗಡುವು.

ಆಫ್ರಿಕನ್ ಗ್ರೇ ಆ ಪಟ್ಟಿಯ ಅತಿ ಕಟ್ಟುನಿಟ್ಟಿನ ಭಾಗದಲ್ಲಿರುವುದಕ್ಕೆ ಕಾರಣ ಇದೆ. ನಮ್ಮಂಥವರ ಮನೆಯ ಗೂಡಿಗಾಗಿಯೇ ಅವುಗಳನ್ನು ಲಕ್ಷಗಟ್ಟಲೆ ಹಿಡಿದರು. ಕೊಂಬೆಗೆ ಅಂಟು ಸವರಿ, ಬಲೆ ಬೀಸಿ. ಸಾಗಿಸುವಾಗಲೇ ಸತ್ತವು ಎಷ್ಟೋ. ಘಾನಾದಲ್ಲಿ 1990ರ ದಶಕದಿಂದ ಈಚೆಗೆ ಅವುಗಳ ಸಂಖ್ಯೆ ಶೇ 90ಕ್ಕಿಂತ ಹೆಚ್ಚು ಕುಸಿಯಿತು. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸೈಟ್ಸ್ ಸಭೆ ಇದನ್ನು ಮೊದಲ ಪಟ್ಟಿಗೆ ಸೇರಿಸಿ, ಕಾಡಿನ ಹಕ್ಕಿಯ ವ್ಯಾಪಾರವನ್ನು ನಿಲ್ಲಿಸಿತು. ಪುಟ್ಟಣ್ಣ ಹುಟ್ಟಿದ್ದು ಕೇರಳದಲ್ಲೇ ಇರಬಹುದು, ಆದರೆ ಅವಳ ಅಜ್ಜನೋ ಮುತ್ತಜ್ಜಿಯೋ ಯಾವುದೋ ಕಾಡಿನಲ್ಲಿ ಸಿಕ್ಕಿಬಿದ್ದವರೇ. ಗೆಳೆಯರು "ನಾವೂ ಒಂದು ತರಬಹುದಾ?" ಎಂದರೆ ನಾನು ಬೇಡ ಎನ್ನುತ್ತೇನೆ. ಪುಟ್ಟಣ್ಣನ ಮೇಲೆ ನನಗೆ ಎಷ್ಟು ಪ್ರೀತಿ ಇದ್ದರೂ ಬೇಡವೇ.

ಮನೆಯಲ್ಲಿ "ಇಂಜಿನಿಯರ್" ನಾನೊಬ್ಬನೇ ಆದ್ದರಿಂದ ಆನ್‌ಲೈನ್ ಫಾರ್ಮ್ ತುಂಬಿಸುವ ಕೆಲಸ ನನಗೆ ಬಂತು. 2024ರ ಆಗಸ್ಟ್, ಹೊರಗೆ ಜೋರು ಮಳೆ, ಎರಡು ಸಲ ಕರೆಂಟ್ ಹೋಯಿತು. ಉಂಗುರದ ನಂಬರ್ ಹಾಕಿದೆ, ಫೋಟೋ ಹಾಕಿದೆ, ಜಾತಿ ಹಾಕಿದೆ. ಯಾರ ಹೆಸರಿನಲ್ಲಿ ಎಂಬಲ್ಲಿಗೆ ಬಂದಾಗ ದೊಡ್ಡಪ್ಪ, "ನಿನ್ನ ಹೆಸರು ಹಾಕು" ಎಂದರು.

ನಾನು ತಮಾಷೆ ಎಂದುಕೊಂಡೆ. ಅವರು ಬ್ಯಾಂಕಿನಲ್ಲಿ ಸಾಲದ ಕಾಗದ ನೋಡುತ್ತಿದ್ದವರು, ಲೆಕ್ಕ ಬಾಯಲ್ಲೇ ಮಾಡಿದರು. "ನನಗೆ 71. ಅವಳಿಗೆ 11. ಅವಳು ಐವತ್ತು ವರ್ಷ ಇದ್ರೆ ಇನ್ನು 39. ನಾನು 110 ಆಗ್ಬೇಕು. ನಿನಗೆ 58 ಆಗ್ತದೆ, ಅಷ್ಟೆ." ದೊಡ್ಡಮ್ಮ ಹೋಗಿ ಆರು ವರ್ಷವಾಯಿತು. ಅಣ್ಣ ಇರುವುದು ದೋಹಾದಲ್ಲಿ. ಈ ಹಕ್ಕಿಯನ್ನು ಗಡಿ ದಾಟಿಸಲು ಎರಡೂ ದೇಶಗಳ ಕಾಗದಪತ್ರ ಬೇಕು. ಆ ದಿನ ಫಾರ್ಮಿನಲ್ಲಿ ದೊಡ್ಡಪ್ಪನ ಹೆಸರೇ ಹಾಕಿದೆ. ಸಾಕಿದವರು ಅವರು, ಅದು ಸತ್ಯ ಕೂಡ. ಆದರೆ ಆ 58 ಎಂಬ ಸಂಖ್ಯೆ ತಲೆಯಿಂದ ಹೋಗಲಿಲ್ಲ. ನಮ್ಮ ಬದುಕು ಇರುವುದೇ ಸೆಮಿಸ್ಟರ್ ಲೆಕ್ಕದಲ್ಲಿ. ಇಂಟರ್ನಲ್ಸ್ ಮುಗಿದ ಮೇಲೆ ಏನು ಎಂದೇ ನನಗೆ ಗೊತ್ತಿರುವುದಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ದೊಡ್ಡಪ್ಪನಿಗೆ ಮೊಣಕಾಲಿನ ಆಪರೇಷನ್ ಆಯಿತು. ಒಂಬತ್ತು ದಿನ ಪುಟ್ಟಣ್ಣ ಕುಲಶೇಖರದ ನಮ್ಮ ಮನೆಯಲ್ಲಿದ್ದಳು. ಮೊದಲ ದಿನ ಏನೂ ತಿನ್ನಲಿಲ್ಲ. ಎರಡನೆಯ ದಿನದಿಂದ "ಒಣಸ್ ಆಂಡಾ?" ಶುರುವಾಯಿತು. ನಾನು ಉತ್ತರ ಕೊಟ್ಟೆ, ಅಪ್ಪ ಕೊಟ್ಟರು, ಅಮ್ಮನೂ ಕೊಟ್ಟಳು. ಯಾರ ಸ್ವರವೂ ಅವಳಿಗೆ ಬೇಕಾದದ್ದಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಗೂಡಿನ ಅಡಿಯ ಪೇಪರಿನ ಮೇಲೆ ಸಣ್ಣ ಬೂದು ಗರಿಗಳ ರಾಶಿ ಬಿದ್ದಿತ್ತು. ಎದೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಬೋಳಾಗಿ ಚರ್ಮ ಕಾಣುತ್ತಿತ್ತು. ಅವಳೇ ಕಿತ್ತುಕೊಂಡದ್ದು. ಹಕ್ಕಿಗಳನ್ನು ನೋಡುವ ಡಾಕ್ಟರು ರೋಗ ಏನೂ ಇಲ್ಲ, ಒಂಟಿತನ ಎಂದರು. ಒಮ್ಮೆ ಚಟವಾದರೆ ಬಿಡಿಸುವುದು ಕಷ್ಟ ಎಂದೂ ಹೇಳಿದರು. ನಾನು ಕಾಲೇಜಿಗೆ ರಜೆ ಹಾಕಿ ಗೂಡಿನ ಪಕ್ಕ ಕುಳಿತು ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕವನ್ನು ಗಟ್ಟಿಯಾಗಿ ಓದಿದೆ. ಬೇರೆ ಏನು ಮಾತಾಡಬೇಕೆಂದು ತೋಚಲಿಲ್ಲ. ಸಂಜೆ ಆಸ್ಪತ್ರೆಗೆ ವಿಡಿಯೊ ಕಾಲ್. ದೊಡ್ಡಪ್ಪನ ಸ್ವರ ಬಂದಾಗ ಅವಳು ಫೋನಿನ ಹಿಂದೆ ಬಗ್ಗಿ ನೋಡಿದಳು, ಅವರು ಅಲ್ಲಿದ್ದಾರಾ ಎಂದು. ಆರನೆಯ ದಿನ ನನ್ನ ಕೈಯಿಂದ ಕ್ಯಾರೆಟ್ ತಿಂದಳು.

ದೊಡ್ಡಪ್ಪ ಈಗ ಕೋಲು ಹಿಡಿದು ನಡೆಯುತ್ತಾರೆ. ಪುಟ್ಟಣ್ಣನ ಎದೆಯ ಗರಿ ಮುಕ್ಕಾಲು ಬಂದಿದೆ. ನಾವು ಮಾಡಿಕೊಂಡ ವ್ಯವಸ್ಥೆ ಇಷ್ಟು: ಪ್ರತಿ ಶುಕ್ರವಾರ ಸಂಜೆ ಅವಳನ್ನು ಸಣ್ಣ ಗೂಡಿನಲ್ಲಿ ರಿಕ್ಷಾದಲ್ಲಿ ನಮ್ಮ ಮನೆಗೆ ತರುವುದು, ಭಾನುವಾರ ಬಿಡುವುದು. ಶನಿವಾರ ದೊಡ್ಡಪ್ಪನೂ ನಮ್ಮಲ್ಲಿಗೇ ಊಟಕ್ಕೆ. ಅಮ್ಮನ ಶರತ್ತು, ಗೂಡಿನ ಪೇಪರ್ ಬದಲಿಸುವುದು ಮತ್ತು ಗರಿಯಿಂದ ಉದುರುವ ಬಿಳಿ ಪುಡಿ ಒರೆಸುವುದು ನನ್ನ ಕೆಲಸ. ಬದಲಿಗೆ ಎರಡು ನಾನ್‌ಸ್ಟಿಕ್ ಕಾವಲಿಗಳನ್ನು ಅವಳೇ ಅಟ್ಟಕ್ಕೆ ಹಾಕಿದ್ದಾಳೆ.

ಜುಲೈಯಿಂದ ಪ್ಲೇಸ್‌ಮೆಂಟ್ ಶುರು. ಸೀನಿಯರ್‌ಗಳೆಲ್ಲ ಬೆಂಗಳೂರಿನ ಪಿಜಿಗಳಲ್ಲಿದ್ದಾರೆ, ಒಂದು ಕೋಣೆಗೆ ಮೂರು ಮಂಚ, ಬಾಗಿಲಲ್ಲೇ ಪ್ರಾಣಿಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು. ಕಾಲೇಜಿನ ಫಾರ್ಮಿನಲ್ಲಿ ಕೆಲಸದ ಸ್ಥಳ ಎಂಬಲ್ಲಿ ನಾನು ಮೊದಲು ಮಂಗಳೂರು ಎಂದು ಬರೆದೆ. ಕೊಟ್ಟಾರದಲ್ಲೂ ಮುಡಿಪಿನಲ್ಲೂ ಕಂಪನಿಗಳಿವೆ, ಸಂಬಳ ಸ್ವಲ್ಪ ಕಡಿಮೆಯಾದೀತು. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಕಾರಣ ಕೇಳಿದ ಸರ್‌ಗೆ ಮನೆಯ ಜವಾಬ್ದಾರಿ ಎಂದೆ.

ಕಳೆದ ಶನಿವಾರ ನಮ್ಮ ಅಡುಗೆಮನೆಯಲ್ಲಿ ಕುಕ್ಕರ್ ಮೂರು ಸೀಟಿ ಹೊಡೆಯಿತು. ಅಮ್ಮ ಬಟ್ಟೆ ಒಣಹಾಕುವುದನ್ನು ಬಿಟ್ಟು ಓಡಿ ಬಂದು ನೋಡಿದರೆ ಒಲೆಯ ಮೇಲೆ ಏನೂ ಇರಲಿಲ್ಲ.