ಕೇಳುವ ಮುನ್ನವೇ ಉತ್ತರ

ಒಂದು ಕಂಪ್ಯೂಟರಿಗೆ ವಿಂಡೋಸ್ ಹಾಕುವುದು ದೊಡ್ಡ ಕೆಲಸವಲ್ಲ. ಭಾಷೆ ಯಾವುದು, ಕೀಬೋರ್ಡ್ ಯಾವುದು, ಡಿಸ್ಕಿನಲ್ಲಿ ಎಷ್ಟು ಪಾಲು ಮಾಡಬೇಕು, ಬಳಸುವವರ ಹೆಸರೇನು ಎಂದು ಅದು ಕೇಳುತ್ತದೆ, ನಾವು ಹೇಳುತ್ತೇವೆ. ಅದೇ ಕೆಲಸ ಕಾಲೇಜು ಲ್ಯಾಬಿನ 40 ಯಂತ್ರಗಳಿಗೆ ಆಗಬೇಕೆಂದರೆ ಪಾಡು ಬೇರೆ. ಅವೇ ಪ್ರಶ್ನೆಗಳಿಗೆ ಉತ್ತರಿಸಿ ಬೇಸತ್ತ ಕೈ ಎಲ್ಲೋ ಒಂದು ಕಡೆ ತಪ್ಪು ಗುಂಡಿ ಒತ್ತುತ್ತದೆ. ತಿಂಗಳ ಮೇಲೆ ನೋಡಿದರೆ ಒಂದು ಯಂತ್ರ ಮಾತ್ರ ಅಮೆರಿಕದ ಹೊತ್ತು ತೋರಿಸುತ್ತಿರುತ್ತದೆ!

ಈ ತಾಪತ್ರಯಕ್ಕೆ ಮದ್ದು ಆನ್ಸರ್ ಫೈಲ್: ಉತ್ತರಗಳನ್ನೆಲ್ಲ ಮೊದಲೇ ಬರೆದಿಟ್ಟ ಕಡತ. ವಿಂಡೋಸ್ ಎನ್‌ಟಿ ಕಾಲದಲ್ಲಿ ಅದು ಸಾದಾ ಟೆಕ್ಸ್ಟ್ ಫೈಲ್. ವಿಸ್ತಾದಿಂದ ಈಚೆಗೆ ಎಕ್ಸ್‌ಎಂಎಲ್. 'ಆಟೋಅನ್‌ಅಟೆಂಡ್' ಎಂದು ಹೆಸರಿಟ್ಟು ಇನ್‌ಸ್ಟಾಲ್ ಮಾಡುವ ಪೆನ್‌ಡ್ರೈವಿನಲ್ಲಿ ಹಾಕಿದರೆ ಸಾಕು, ಸೆಟಪ್ ತಾನೇ ಹುಡುಕಿ ಓದಿಕೊಳ್ಳುತ್ತದೆ. ಲಿನಕ್ಸ್‌ನಲ್ಲಿ ರೆಡ್ ಹ್ಯಾಟ್‌ಗೆ ಕಿಕ್‌ಸ್ಟಾರ್ಟ್, ಡೆಬಿಯನ್‌ಗೆ ಪ್ರಿಸೀಡ್, ಸೂಸೆಗೆ ಆಟೋಯಾಸ್ಟ್. ರೆಡ್ ಹ್ಯಾಟ್‌ನದು ಇನ್ನೊಂದು ಉಪಕಾರ: ಒಮ್ಮೆ ಕೈಯಾರೆ ಇನ್‌ಸ್ಟಾಲ್ ಮಾಡಿದರೆ, ನೀವು ಕೊಟ್ಟ ಉತ್ತರಗಳನ್ನು ಅದೇ ಕಿಕ್‌ಸ್ಟಾರ್ಟ್ ಕಡತವಾಗಿ ಬರೆದಿಡುತ್ತದೆ. ಅದನ್ನೇ ತಿದ್ದಿ ಮುಂದಿನ ಯಂತ್ರಗಳಿಗೆ ಬಳಸಬಹುದು. ನೆಟ್‌ವರ್ಕ್‌ನಿಂದಲೇ ಬೂಟ್ ಆಗುವ ವ್ಯವಸ್ಥೆ ಇದ್ದರೆ ಪೆನ್‌ಡ್ರೈವೂ ಬೇಡ.

ಸಮಯ ಉಳಿಯುವುದು ಕಣ್ಣಿಗೆ ಕಾಣುವ ಲಾಭ. ಅದಕ್ಕಿಂತ ದೊಡ್ಡದು, ನಿರ್ಧಾರಗಳು ಬರಹಕ್ಕಿಳಿಯುವುದು. ಲ್ಯಾಬ್ ನೋಡಿಕೊಳ್ಳುವವರು ಬದಲಾದರೂ ಯಾವ ಯಂತ್ರ ಏಕೆ ಹೀಗಿದೆ ಎಂದು ಕಡತ ತೆರೆದು ನೋಡಬಹುದು.

ಆದರೆ ಈ ಕಡತಕ್ಕೆ ಅನುಮಾನ ಎಂಬುದೇ ಗೊತ್ತಿಲ್ಲ. 'ಡಿಸ್ಕ್ ಪೂರ್ತಿ ಅಳಿಸು' ಎಂದು ಬರೆದಿದ್ದರೆ ಅಳಿಸಿಯೇ ತೀರುತ್ತದೆ. ಅಂಥ ಪೆನ್‌ಡ್ರೈವ್ ಮರೆತು ಆಫೀಸಿನ ಲೆಕ್ಕಪತ್ರವಿರುವ ಕಂಪ್ಯೂಟರಿನಲ್ಲಿ ಬೂಟ್ ಆದರೆ, 'ಅಳಿಸಲೇ?' ಎಂಬ ಮಾತೂ ಬರುವುದಿಲ್ಲ. ಪಾಸ್‌ವರ್ಡಿನದು ಇನ್ನೊಂದು ಗಂಡಾಂತರ. ವಿಂಡೋಸ್ ಕಡತದಲ್ಲಿ ಅದನ್ನು ಮರೆಮಾಡಿದಂತೆ ಕಂಡರೂ ಅದು ಬೇಸ್64 ರೂಪವಷ್ಟೇ; ಬಲ್ಲವರು ಕ್ಷಣದಲ್ಲಿ ಬಿಡಿಸುತ್ತಾರೆ. ಕಿಕ್‌ಸ್ಟಾರ್ಟ್‌ನಲ್ಲಿ ಪಾಸ್‌ವರ್ಡಿನ ಬದಲು ಅದರ ಹ್ಯಾಶ್ ಬರೆಯುವ ಸೌಲಭ್ಯವಿದೆ. ಅದನ್ನೇ ಬಳಸುವುದು ಲೇಸು.

ಹಾಗಾಗಿ ಹೊಸ ಕಡತವನ್ನು ಮೊದಲು ವರ್ಚುವಲ್ ಮಷೀನಿನಲ್ಲಿ ಓಡಿಸಿ ನೋಡಬೇಕು. ಇನ್ನೊಂದು ಉಪಾಯವೂ ಇದೆ. ಉತ್ತರ ಸಿಗದ ಪ್ರಶ್ನೆಗೆ ಸೆಟಪ್ ನಿಂತು ಪರದೆಯ ಮೇಲೆ ಕೇಳುತ್ತದೆ. ಭಾಷೆ, ಸಮಯ, ಹೆಸರು ಎಲ್ಲ ಬರೆದು, ಡಿಸ್ಕಿನ ಉತ್ತರವನ್ನು ಮಾತ್ರ ಬೇಕೆಂದೇ ಬಿಟ್ಟರೆ, ಅಳಿಸುವ ಅಧಿಕಾರ ಮನುಷ್ಯರ ಕೈಯಲ್ಲೇ ಉಳಿಯುತ್ತದೆ. ಯಾವುದನ್ನು ಬರೆಯಬೇಕು ಎಂಬಷ್ಟೇ ಯಾವುದನ್ನು ಬರೆಯಬಾರದು ಎಂಬುದೂ ಈ ಕೆಲಸದ ಜಾಣ್ಮೆ.